ಹೇಳು, ಕೇಳು, ನೋಡು, ಮಾಡು: ಒಂದು ಕನ್ನಡ ಮಾತಿಗೆ ಮೂರು ನಾಲ್ಕು ಇಂಗ್ಲಿಷ್ ಮಾತು ಇದ್ದಾಗ ಯಾವುದನ್ನು ಆರಿಸುವುದು?

ಗೋಕರ್ಣದ ಒಂದು ಲಾಡ್ಜಿನ ಕೌಂಟರಿನಲ್ಲಿ ನಾನು ಎರಡು ಸೀಸನ್ ಕೆಲಸ ಮಾಡಿದ್ದೆ. ಒಂದು ದಿನ ಹೊರದೇಶದ ಹೆಂಗಸೊಬ್ಬರು ರೂಮು ಖಾಲಿ ಮಾಡಿ, ರಾತ್ರಿ ಟ್ರೇನಿನ ತನಕ ಬ್ಯಾಗು ಇಲ್ಲೇ ಇರಲಿ ಅಂದರು. ‘ನೀವು ಹೋಗಿ ಬನ್ನಿ, ಬ್ಯಾಗು ನಾನು ನೋಡ್ಕೊಳ್ತೇನೆ’ ಅಂತ ಹೇಳಬೇಕಿತ್ತು. ಬಾಯಿಂದ ಬಂದದ್ದು, ‘ಯು ಗೋ ಅಂಡ್ ಕಮ್, ಐ ವಿಲ್ ಸೀ ಯುವರ್ ಬ್ಯಾಗ್’. ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಚೀಲದಿಂದ ಒಂದು ಸಣ್ಣ ಬೀಗ ತೆಗೆದು ಬ್ಯಾಗಿನ ಜಿಪ್ಪಿಗೆ ಹಾಕಿ ಹೋದರು. ಬ್ಯಾಗಿನ ಒಳಗೆ ಏನಿದೆ ಅಂತ ನಾನು ನೋಡುತ್ತೇನೆ ಅಂದುಕೊಂಡಿದ್ದರು ಪಾಪ!

ನನಗೆ ವ್ಯಾಕರಣ ಬರುತ್ತಿರಲಿಲ್ಲ ಅಂತಲ್ಲ. ಪಾಸ್ಟ್ ಟೆನ್ಸ್, ಫ್ಯೂಚರ್ ಟೆನ್ಸ್ ಎಲ್ಲ ಬಾಯಿಪಾಠ ಇತ್ತು. ತೊಂದರೆ ಇದ್ದದ್ದು ಬೇರೆ ಕಡೆ. ಕನ್ನಡದ ‘ನೋಡು’ ಅನ್ನುವ ಒಂದೇ ಮಾತಿಗೆ ಇಂಗ್ಲಿಷಿನಲ್ಲಿ ಸೀ, ಲುಕ್, ವಾಚ್ ಅಂತ ಮೂರು ಇವೆ, ‘ನೋಡ್ಕೋ’ ಅಂದರೆ ನಾಲ್ಕನೆಯದು ಬರುತ್ತದೆ. ನಾವು ಕೈಗೆ ಮೊದಲು ಸಿಕ್ಕಿದ್ದನ್ನು ಎತ್ತಿ ಬಳಸುತ್ತೇವೆ. ಈಗ ಕಾರವಾರದಲ್ಲಿ ಸಂಜೆ ಹೊತ್ತು ಅಕ್ಕಪಕ್ಕದ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ, ಅವರೂ ಇದನ್ನೇ ಮಾಡುತ್ತಾರೆ. ಅವರಿಗೆ ಹೇಳಿಕೊಡುತ್ತಾ ನನಗೆ ಒಂದು ವಿಷಯ ಹೊಳೆಯಿತು. ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ಗೊಂದಲವನ್ನು ಬಿಡಿಸುವ ಕೀಲಿಕೈ ಕನ್ನಡದಲ್ಲೇ ಇದೆ. ಇಂಗ್ಲಿಷ್ ಡಿಕ್ಷನರಿ ತೆರೆಯುವ ಮೊದಲು ಕನ್ನಡ ವಾಕ್ಯವನ್ನು ಸರಿಯಾಗಿ ನೋಡಿದರೆ ಸಾಕು.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಎಡಗಡೆ ಪುಟದಲ್ಲಿ ಕನ್ನಡ ಕ್ರಿಯಾಪದ, ಬಲಗಡೆ ಇಂಗ್ಲಿಷಿನವು. ಬರೀ ಪದ ಬರೆಯಬೇಡಿ, ಪೂರ್ತಿ ವಾಕ್ಯ ಬರೆಯಿರಿ, ಯಾರು, ಯಾರಿಗೆ, ಏನನ್ನು ಎಲ್ಲ ಇರಲಿ. ‘ನೋಡು ಅಂದರೆ ಲುಕ್’ ಅಂತ ಬರೆದಿಟ್ಟರೆ ಆ ಪುಟದಿಂದ ಏನೂ ಉಪಯೋಗ ಇಲ್ಲ.

ಮೊದಲ ಹೆಜ್ಜೆ: ಕಣ್ಣಿಗೆ ಬಿತ್ತೋ, ಕಣ್ಣು ಹಾಯಿಸಿದಿರೋ?

ನೋಡು, ಕೇಳು ಎರಡಕ್ಕೂ ಇದೇ ಪರೀಕ್ಷೆ. ನಿಮ್ಮ ವಾಕ್ಯವನ್ನು ‘ಕಣ್ಣಿಗೆ ಬಿತ್ತು’ ಅಂತ ತಿರುಗಿಸಿ ಹೇಳಲಿಕ್ಕೆ ಆಗುತ್ತದಾ? ಆದರೆ ಅದು ‘ಸೀ’. ನೀವೇ ಬೇಕಂತ ಕಣ್ಣು ಹಾಯಿಸಿದ್ದಾದರೆ ‘ಲುಕ್ ಅಟ್’. ಹಾಗೆ ಕಣ್ಣಿಟ್ಟು ಕೂತು, ಮುಂದೆ ಏನಾಗುತ್ತದೆ ಅಂತ ನೋಡುತ್ತಲೇ ಇದ್ದರೆ ‘ವಾಚ್’.

ಕಾರವಾರದ ಟಾಗೋರ್ ಬೀಚಿನಲ್ಲಿ ನಿಂತಿದ್ದೀರಿ ಅಂತ ಇಟ್ಟುಕೊಳ್ಳಿ. ದೂರದಲ್ಲಿ ದೇವಗಡ ದ್ವೀಪದ ಲೈಟ್‌ಹೌಸ್ ಕಾಣಿಸುತ್ತದೆ, ಅದು ‘ಐ ಕ್ಯಾನ್ ಸೀ ದ ಲೈಟ್‌ಹೌಸ್’. ದಡದ ಮೇಲೆ ಮ್ಯೂಸಿಯಂ ಮಾಡಿ ನಿಲ್ಲಿಸಿರುವ ಚಪಲ್ ಯುದ್ಧನೌಕೆಯ ಕಡೆ ಕೈ ತೋರಿಸಿ ಮಗನಿಗೆ ‘ನೋಡು ಅಲ್ಲಿ’ ಅಂದರೆ ‘ಲುಕ್ ಅಟ್ ದಟ್ ಶಿಪ್’. ಆಮೇಲೆ ಮರಳಿನ ಮೇಲೆ ಕೂತು ಸೂರ್ಯ ಮುಳುಗುವ ತನಕ ಏಳದೆ ನೋಡುವುದು ‘ವಾಚ್ ದ ಸನ್‌ಸೆಟ್’. ಹಡಗು ನಿಂತಲ್ಲೇ ನಿಂತಿರುತ್ತದೆ, ಅದಕ್ಕೆ ‘ಲುಕ್’. ಸೂರ್ಯ ಇಳಿಯುತ್ತಾ ಇರುತ್ತಾನೆ, ಅದಕ್ಕೆ ‘ವಾಚ್’. ಫೋಟೋವನ್ನು ಯಾರೂ ‘ವಾಚ್’ ಮಾಡುವುದಿಲ್ಲ, ವಿಡಿಯೋವನ್ನು ಮಾಡುತ್ತಾರೆ.

ಸಿನಿಮಾ ವಿಷಯದಲ್ಲಿ ಸ್ವಲ್ಪ ಸಡಿಲ ಇದೆ. ಥಿಯೇಟರಿಗೆ ಹೋಗಿ ನೋಡಿ ಬಂದರೆ ‘ಸಾ ಎ ಫಿಲ್ಮ್’, ಮನೆಯ ಟಿವಿಯಲ್ಲಾದರೆ ‘ವಾಚ್’ ಅನ್ನುವುದೇ ರೂಢಿ. ಡಾಕ್ಟರನ್ನು ನೋಡುವುದು ಭೇಟಿ ಆಗುವುದು, ಅದಕ್ಕೆ ಯಾವಾಗಲೂ ‘ಸೀ ಎ ಡಾಕ್ಟರ್’. ‘ಲುಕ್ ಅಟ್ ಎ ಡಾಕ್ಟರ್’ ಅಂದರೆ ಅವರ ಮುಖ ನೋಡಿ ವಾಪಸ್ ಬಂದಿರಿ ಅಂತ ಆಗುತ್ತದೆ.

ಕೇಳುವುದಕ್ಕೂ ಇದನ್ನೇ ಹಚ್ಚಿ. ‘ಕಿವಿಗೆ ಬಿತ್ತು’ ಅಂದರೆ ‘ಹಿಯರ್’. ‘ಕಿವಿಗೊಟ್ಟು ಕೇಳಿದೆ’ ಅಂದರೆ ‘ಲಿಸನ್ ಟು’. ಯಕ್ಷಗಾನದ ಆಟವನ್ನು ನೋಡುತ್ತೇವೆ, ಅದು ‘ವಾಚ್’. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಎಲ್ಲ ಮಾತಿನಲ್ಲೇ, ಹಾಗಾಗಿ ಅದು ‘ಲಿಸನ್ ಟು’. ನೀವು ಮನೆಯ ಜಗಲಿಯ ಮೇಲೆ ಮಲಗಿರುವಾಗ ಎಲ್ಲೋ ದೂರದಲ್ಲಿ ಚಂಡೆಯ ಸದ್ದು ಬಂದರೆ ‘ಐ ಹರ್ಡ್ ದ ಚಂಡೆ’. ‘ಲಿಸನ್’ ಆದಮೇಲೆ ‘ಟು’ ಬಿಡಬೇಡಿ. ‘ಲಿಸನ್ ಮಿ’ ಅನ್ನುವುದು ನಮ್ಮ ಜಿಲ್ಲೆಯ ಅರ್ಧ ಜನರ ಬಾಯಲ್ಲಿದೆ, ನನ್ನ ಬಾಯಲ್ಲೂ ಇತ್ತು.

ಇಲ್ಲಿ ಇನ್ನೂ ಒಂದು ಸುಲಭದ ಗುರುತು. ಕನ್ನಡದಲ್ಲಿ ತಾನಾಗಿ ಆಗುವ ಅನುಭವಕ್ಕೆ ‘ನನಗೆ’ ಬರುತ್ತದೆ: ನನಗೆ ಕಾಣಿಸಿತು, ನನಗೆ ಕೇಳಿಸಿತು, ನನಗೆ ಗೊತ್ತು, ನನಗೆ ನೆನಪಿದೆ. ನಾವು ಮಾಡುವ ಕೆಲಸಕ್ಕೆ ‘ನಾನು’ ಬರುತ್ತದೆ. ಈ ‘ನನಗೆ’ ಗುಂಪಿನ ಇಂಗ್ಲಿಷ್ ಕ್ರಿಯಾಪದಗಳಿಗೆ, ಅಂದರೆ ಸೀ, ಹಿಯರ್, ನೋ, ರಿಮೆಂಬರ್, ಇವಕ್ಕೆ ‘ಇಂಗ್’ ಸಾಮಾನ್ಯವಾಗಿ ಅಂಟುವುದಿಲ್ಲ. ‘ಐ ಆಮ್ ನೋಯಿಂಗ್’ ತಪ್ಪು, ‘ಐ ನೋ’ ಸರಿ. ‘ಐ ಆಮ್ ಸೀಯಿಂಗ್ ಹಿಮ್’ ಅಂದರಂತೂ ಅವನ ಜೊತೆ ಪ್ರೀತಿ ಪ್ರೇಮ ನಡೆದಿದೆ ಅಂತ ಅರ್ಥ, ಎಚ್ಚರ!

ದೇವಿಮನೆ ಘಾಟಿಯಲ್ಲಿ ಬಸ್ಸು ತಿರುವು ತಿರುಗುವಾಗ ಫೋನ್ ಸಿಗ್ನಲ್ ಹೋಗಿ ಬಂದು ಮಾಡುತ್ತದೆ ಅಂತ ಇಟ್ಟುಕೊಳ್ಳಿ. ಆಗ ‘ಕೇಳ್ತಾ ಇದೆಯಾ?’ ಅಂತ ಕೇಳುವುದು ‘ಕ್ಯಾನ್ ಯು ಹಿಯರ್ ಮಿ?’ ಇದರ ಬದಲು ‘ಆರ್ ಯು ಲಿಸನಿಂಗ್?’ ಅಂದುಬಿಟ್ಟರೆ, ‘ನನ್ನ ಮಾತಿಗೆ ಗಮನ ಕೊಡ್ತಾ ಇದ್ದೀಯೋ ಇಲ್ಲವೋ’ ಅಂತ ಬೈದ ಹಾಗೆ ಆಗುತ್ತದೆ. ಮೇಲಿನ ಆಫೀಸರಿಗೆ ಹೀಗೆ ಕೇಳಿ ಆಮೇಲೆ ಸಾರಿ ಹೇಳುವ ಪಾಡು ಯಾಕೆ.

ಗೊತ್ತು ಅನ್ನುವುದರಲ್ಲಿ ಒಂದು ಸಣ್ಣ ಕೊಕ್ಕೆ ಇದೆ. ‘ಗೊತ್ತಿದೆ’ ಅಂದರೆ ‘ನೋ’. ‘ಗೊತ್ತಾಯಿತು’ ಅಂದರೆ ‘ಫೈಂಡ್ ಔಟ್’. ‘ನನಗೆ ನಿನ್ನೆ ಗೊತ್ತಾಯಿತು’ ಅನ್ನಲು ‘ಐ ನ್ಯೂ ಇಟ್ ಎಸ್ಟರ್ಡೇ’ ಅಂದರೆ ನಿನ್ನೆಯೇ ಗೊತ್ತಿತ್ತು ಅಂತ ಆಗಿ, ಗೊತ್ತಿದ್ದೂ ಯಾಕೆ ಹೇಳಲಿಲ್ಲ ಅನ್ನುವ ಜಗಳಕ್ಕೆ ದಾರಿ. ‘ಐ ಫೌಂಡ್ ಔಟ್ ಎಸ್ಟರ್ಡೇ’ ಅನ್ನಿ.

ಈ ಕಾಣು ನೋಡು ಪರೀಕ್ಷೆ ಎಲ್ಲರಿಗೂ ಒಂದೇ ಥರ ಹೊಂದುವುದಿಲ್ಲ. ಭಟ್ಕಳ ದಾಟಿ ಕುಂದಾಪುರದ ಕಡೆ ಹೋದರೆ ‘ಕಾಣಿ’ ಅಂದರೇ ‘ನೋಡಿ’ ಅಂತ. ಆ ಕಡೆಯವರು ‘ಕಣ್ಣಿಗೆ ಬಿತ್ತು’ ಅನ್ನುವುದನ್ನೇ ಹಿಡಿದುಕೊಳ್ಳಲಿ. ಇನ್ನು ಕಾರವಾರ, ಸದಾಶಿವಗಡದ ಕಡೆಯ ಕೊಂಕಣಿ ಮನೆಯ ಮಕ್ಕಳಿಗೆ ಬೇರೆ ಲಾಭ ಇದೆ. ಕನ್ನಡದಲ್ಲಿ ಪ್ರಶ್ನೆ ಕೇಳುವುದಕ್ಕೂ ಹಾಡು ಕೇಳುವುದಕ್ಕೂ ಒಂದೇ ‘ಕೇಳು’. ಕೊಂಕಣಿಯಲ್ಲಿ ಒಂದು ‘ವಿಚಾರ್’, ಇನ್ನೊಂದು ‘ಆಯ್ಕ್’. ಹಾಗಾಗಿ ಅವರು ‘ಆಸ್ಕ್’ ಮತ್ತು ‘ಲಿಸನ್’ ನಡುವೆ ಯಾವತ್ತೂ ಎಡವುವುದಿಲ್ಲ.

‘ಆಸ್ಕ್’ ವಿಷಯ ಇಲ್ಲೇ ಮುಗಿಸಿಬಿಡೋಣ. ‘ಆಸ್ಕ್ ಟು ಹಿಮ್’ ಬೇಡ, ‘ಆಸ್ಕ್ ಹಿಮ್’ ಸಾಕು. ವಸ್ತು ಬೇಕು ಅಂತ ಕೇಳಿದರೆ ಮಾತ್ರ ‘ಆಸ್ಕ್ ಫಾರ್’: ‘ಹಿ ಆಸ್ಕ್ಡ್ ಫಾರ್ ವಾಟರ್’. ‘ಡೌಟ್ ಕೇಳು’ ಅನ್ನುವುದನ್ನು ‘ಆಸ್ಕ್ ಎ ಡೌಟ್’ ಮಾಡಬೇಡಿ. ನಮ್ಮ ಕ್ಲಾಸುಗಳಲ್ಲಿ ಡೌಟ್ ಅಂದರೆ ಪ್ರಶ್ನೆ. ಹೊರಗಿನವರಿಗೆ ಡೌಟ್ ಅಂದರೆ ಅನುಮಾನ. ‘ಐ ಹ್ಯಾವ್ ಎ ಕ್ವೆಶ್ಚನ್’ ಅಂದರೆ ಎಲ್ಲರಿಗೂ ತಿಳಿಯುತ್ತದೆ.

ಅಂದಹಾಗೆ ನನ್ನ ಬ್ಯಾಗಿನ ಕಥೆ. ‘ನೋಡ್ಕೋ’ ಅಂದರೆ ಕಾಯುವುದು. ಬ್ಯಾಗಿಗೆ ‘ಐ ವಿಲ್ ಕೀಪ್ ಆ್ಯನ್ ಐ ಆನ್ ಇಟ್’ ಅನ್ನಬೇಕಿತ್ತು, ಇಲ್ಲವೇ ‘ವಾಚ್’ ಆದರೂ ಬಳಸಬೇಕಿತ್ತು. ಮಗುವನ್ನೋ ಅಜ್ಜಿಯನ್ನೋ ನೋಡಿಕೊಳ್ಳುವುದಾದರೆ ‘ಲುಕ್ ಆಫ್ಟರ್’.

ಎರಡನೆಯದು: ‘ಯಾರಿಗೆ?’ ಅಂತ ಕೇಳಿ

ಸೇ ಮತ್ತು ಟೆಲ್. ಇದರಲ್ಲಿ ತಪ್ಪದ ಕನ್ನಡಿಗ ಇದ್ದರೆ ನನಗೆ ತೋರಿಸಿ.

ಪರೀಕ್ಷೆ ಒಂದೇ ಪ್ರಶ್ನೆಯದ್ದು. ಕ್ರಿಯಾಪದ ಆದ ತಕ್ಷಣ ‘ಯಾರಿಗೆ’ ಅನ್ನುವುದಕ್ಕೆ ಉತ್ತರ ಬರುತ್ತದಾ? ಬಂದರೆ ‘ಟೆಲ್’. ‘ಟೆಲ್ ಮಿ’, ‘ಶಿ ಟೋಲ್ಡ್ ಹರ್ ಬ್ರದರ್’. ಬರದಿದ್ದರೆ ‘ಸೇ’. ‘ಹಿ ಸೆಡ್ ದಟ್ ದ ಬಸ್ ವಾಸ್ ಲೇಟ್’. ‘ಸೇ ಮಿ’ ತಪ್ಪು, ‘ಟೆಲ್ ಟು ಮಿ’ ಕೂಡ ತಪ್ಪು. ‘ಸೇ’ಗೆ ಯಾರಿಗೆ ಅನ್ನುವುದನ್ನು ಸೇರಿಸಲೇಬೇಕಾದರೆ ನಡುವೆ ‘ಟು’ ಹಾಕಿ, ‘ಹಿ ಸೆಡ್ ನಥಿಂಗ್ ಟು ಮಿ’.

ಕನ್ನಡದಲ್ಲಿ ಇದಕ್ಕೆ ಹತ್ತಿರದ ಜೋಡಿ ಇದೆ, ‘ಅನ್ನು’ ಮತ್ತು ‘ಹೇಳು’. ‘ಅಮ್ಮ ಬಾ ಅಂದಳು’ ಅನ್ನುವುದು ‘ಸೆಡ್’. ‘ಅಮ್ಮ ನನಗೆ ವಿಷಯ ಹೇಳಿದಳು’ ಅನ್ನುವುದು ‘ಟೋಲ್ಡ್’. ಆದರೆ ಹವ್ಯಕರ ಮನೆಯಲ್ಲಿ ‘ಬರ್ತೇನೆ ಅಂತ ಹೇಳಿದ’ ಅನ್ನಲು ‘ಬತ್ತೆ ಹೇಳಿ ಹೇಳಿದ’ ಅಂತ ಎರಡೂ ಕಡೆ ‘ಹೇಳು’ವೇ ಕೂತಿರುತ್ತದೆ, ಅಲ್ಲಿ ‘ಅನ್ನು’ವನ್ನು ಹುಡುಕಿದರೆ ಸಿಗುವುದಿಲ್ಲ. ಅಂಥವರು ಸುಮ್ನೆ ‘ಯಾರಿಗೆ’ ಪರೀಕ್ಷೆಗೇ ಅಂಟಿಕೊಳ್ಳಿ.

‘ಯಾರಿಗೆ’ ಇಲ್ಲದೆಯೂ ‘ಟೆಲ್’ ಬರುವ ಕೆಲವು ಜಾಗ ಇವೆ: ಕಥೆ ಹೇಳುವುದು, ಸುಳ್ಳು ಹೇಳುವುದು, ನಿಜ ಹೇಳುವುದು, ಗಡಿಯಾರ ನೋಡಿ ಹೊತ್ತು ಹೇಳುವುದು. ‘ಟೆಲ್ ಎ ಸ್ಟೋರಿ’, ‘ಟೆಲ್ ಎ ಲೈ’, ‘ಟೆಲ್ ದ ಟ್ರೂತ್’, ‘ಟೆಲ್ ದ ಟೈಮ್’. ಇವನ್ನು ಬಾಯಿಪಾಠ ಮಾಡಿ, ನಾಲ್ಕೇ ತಾನೆ. ಮಾಡು ಅಂತ ಅಪ್ಪಣೆ ಕೊಟ್ಟರೂ ‘ಟೆಲ್’: ‘ದೆ ಟೋಲ್ಡ್ ಅಸ್ ಟು ವೇಟ್’. ವಿನಂತಿ ಮಾಡಿದರೆ ‘ಆಸ್ಕ್’: ‘ದೆ ಆಸ್ಕ್ಡ್ ಅಸ್ ಟು ವೇಟ್’. ಇವೆರಡರ ನಡುವೆ ಮರ್ಯಾದೆಯ ವ್ಯತ್ಯಾಸ ಇದೆ. ಗೆಸ್ಟಿನ ಹತ್ತಿರ ‘ಐ ಟೋಲ್ಡ್ ಯು ಟು ಫಿಲ್ ದಿಸ್ ಫಾರ್ಮ್’ ಅಂತ ನಾನು ಎಷ್ಟು ಸಲ ಹೇಳಿದ್ದೇನೋ, ಅವರು ಎಷ್ಟು ಸಲ ಹುಬ್ಬು ಗಂಟು ಹಾಕಿದ್ದರೋ.

ಸ್ಪೀಕ್, ಟಾಕ್ ಎರಡೂ ಮಾತಾಡುವುದೇ. ಭಾಷೆಗೆ ‘ಸ್ಪೀಕ್’ ಮಾತ್ರ: ‘ಶಿ ಸ್ಪೀಕ್ಸ್ ಕೊಂಕಣಿ’. ವೇದಿಕೆಯ ಮೇಲೆ ಮಾತಾಡುವುದಕ್ಕೂ ಸ್ಪೀಕ್. ಕಟ್ಟೆಯ ಮೇಲೆ ಕೂತು ಎಲೆ ಅಡಿಕೆಯ ಕವಳ ಹಾಕುತ್ತಾ ಆಡುವ ಮಾತು ಟಾಕ್. ‘ಡಿಸ್ಕಸ್’ ಬಂದರೆ ಹಿಂದೆ ‘ಅಬೌಟ್’ ಬೇಡ.

ಮೂರನೆಯದು: ‘ಇಸು’ ಹಚ್ಚಿ ನೋಡಿ

ಇದು ನನಗೆ ಬಹಳ ಇಷ್ಟದ ಉಪಾಯ. ಕಲಿ, ಕಲಿಸು. ಮಲಗು, ಮಲಗಿಸು. ಏರು, ಏರಿಸು. ಕನ್ನಡದಲ್ಲಿ ತಾನು ಮಾಡುವುದಕ್ಕೆ ಒಂದು, ಇನ್ನೊಬ್ಬರಿಂದಲೋ ಇನ್ನೊಂದರಿಂದಲೋ ಮಾಡಿಸುವುದಕ್ಕೆ ‘ಇಸು’ ಸೇರಿಸಿ ಇನ್ನೊಂದು. ಇಂಗ್ಲಿಷಿನವರು ಹೀಗೆ ಬಾಲ ಹಚ್ಚುವ ಬದಲು ಎರಡು ಬೇರೆ ಪದ ಇಟ್ಟುಕೊಂಡಿದ್ದಾರೆ, ಅದರಲ್ಲೂ ಕೆಲವು ನೋಡಲು ಒಂದರಂತೆ ಒಂದು.

ಕಲಿ ಅಂದರೆ ‘ಲರ್ನ್’, ಕಲಿಸು ಅಂದರೆ ‘ಟೀಚ್’. ನೆನಪಿಡು ‘ರಿಮೆಂಬರ್’, ನೆನಪಿಸು ‘ರಿಮೈಂಡ್’. ‘ರಿಮೆಂಬರ್ ಮಿ ಟು ಬೈ ಸಾಲ್ಟ್’ ಅಲ್ಲ, ‘ರಿಮೈಂಡ್ ಮಿ’.

ಏರು ‘ರೈಸ್’, ಏರಿಸು ‘ರೇಝ್’. ಅಡಿಕೆ ದರ ತಾನಾಗಿ ಏರಿತು ಅಂದರೆ ‘ದ ಪ್ರೈಸ್ ರೋಸ್’. ಅಂಗಡಿಯವನು ಏರಿಸಿದ ಅಂದರೆ ‘ಹಿ ರೇಝ್ಡ್ ದ ಪ್ರೈಸ್’. ಕೈ ಎತ್ತುವುದು ‘ರೇಝ್ ಯುವರ್ ಹ್ಯಾಂಡ್’, ಯಾಕೆಂದರೆ ಕೈ ತಾನಾಗಿ ಏಳುವುದಿಲ್ಲ.

ಮಲಗು ‘ಲೈ’, ಮಲಗಿಸು ಅಥವಾ ಇಡು ‘ಲೇ’. ಇಲ್ಲಿ ಇಂಗ್ಲಿಷ್ ಮಾತಾಡಿಯೇ ಹುಟ್ಟಿದವರೂ ತಪ್ಪುತ್ತಾರೆ, ಹಾಗಾಗಿ ನಾಚಿಕೆ ಬೇಡ. ‘ಲೈ’ಯ ಭೂತಕಾಲ ‘ಲೇ’, ‘ಲೇ’ಯ ಭೂತಕಾಲ ‘ಲೇಯ್ಡ್’. ಮೊದಲನೆಯದರ ನಿನ್ನೆಯ ರೂಪವೂ ಎರಡನೆಯದರ ಇವತ್ತಿನ ರೂಪವೂ ಒಂದೇ, ಅಲ್ಲೇ ಎಲ್ಲರೂ ಬೀಳುವುದು. ಅದರ ಮೇಲೆ ಸುಳ್ಳು ಹೇಳುವ ಇನ್ನೊಂದು ‘ಲೈ’ ಇದೆ, ಅದರದ್ದು ‘ಲೈಡ್’. ನಾನು ಮಕ್ಕಳಿಗೆ ಹೇಳುವುದು ಇಷ್ಟೇ, ಕೋಳಿ ಮೊಟ್ಟೆ ಇಡುತ್ತದೆ, ಅದು ‘ಲೇ’, ಅದಕ್ಕೆ ಒಂದು ಮೊಟ್ಟೆ ಬೇಕೇ ಬೇಕು. ಏನನ್ನು ಅನ್ನುವುದಕ್ಕೆ ಉತ್ತರ ಇಲ್ಲದಿದ್ದರೆ ‘ಲೇ’ ಬರುವುದಿಲ್ಲ. ಮರಳಿನ ಮೇಲೆ ಮೀನು ಒಣಗಲು ಹರಡುವವರು ‘ಲೇ ದ ಫಿಶ್ ಔಟ್ ಟು ಡ್ರೈ’ ಮಾಡುತ್ತಾರೆ. ಹರಡಿದ ಮೇಲೆ ಮೀನು ಸುಮ್ಮನೆ ಬಿದ್ದಿರುತ್ತದೆ, ‘ದ ಫಿಶ್ ಈಸ್ ಲೈಯಿಂಗ್ ದೇರ್’.

ಬೀಳು ‘ಫಾಲ್’, ಅದರ ಭೂತಕಾಲ ‘ಫೆಲ್’. ಆದರೆ ಮರ ಕಡಿದು ಉರುಳಿಸುವುದಕ್ಕೂ ‘ಫೆಲ್’ ಅಂತ ಬೇರೆಯೇ ಕ್ರಿಯಾಪದ ಇದೆ, ಅದರ ಭೂತಕಾಲ ‘ಫೆಲ್ಡ್’. ನಮ್ಮವರಿಗೆ ಇದನ್ನು ನೆನಪಿಡಲು ಕಷ್ಟ ಇಲ್ಲ. 1983ರಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡು ನಿಂತರು, ಅಪ್ಪಿಕೋ ಚಳವಳಿ ಶುರುವಾದದ್ದು ಹಾಗೆ. ಇಂಗ್ಲಿಷಿನಲ್ಲಿ ಹೇಳುವುದಾದರೆ ‘ದೆ ಹಗ್ಡ್ ದ ಟ್ರೀಸ್ ಸೋ ದಟ್ ನೋಬಡಿ ಕುಡ್ ಫೆಲ್ ದೆಮ್’. ಮಳೆಗಾಳಿಗೆ ಮರ ತಾನಾಗಿ ಬಿದ್ದರೆ ‘ಇಟ್ ಫೆಲ್’.

ನಾಲ್ಕನೆಯದು: ಹಾಕು, ತೆಗೆ, ಕೊಯ್ಯಿ

ಇವು ಮೂರೂ ಎಲ್ಲ ಕೆಲಸಕ್ಕೂ ಬರುವ ನಮ್ಮ ಮನೆಯ ಕತ್ತಿಯ ಥರ. ಬಾಗಿಲು ಹಾಕು, ಲೈಟು ಹಾಕು, ಬೀಗ ಹಾಕು, ಅಂಗಿ ಹಾಕು, ಅನ್ನ ಹಾಕು, ಕವಳ ಹಾಕು. ಇಂಗ್ಲಿಷಿಗೆ ಹೋದ ಕೂಡಲೇ ಒಂದೊಂದಕ್ಕೂ ಒಂದೊಂದು: ಕ್ಲೋಸ್, ಸ್ವಿಚ್ ಆನ್, ಲಾಕ್, ಪುಟ್ ಆನ್, ಸರ್ವ್, ಚ್ಯೂ. ತಮಾಷೆ ನೋಡಿ, ಬಾಗಿಲು ಹಾಕಿದರೆ ಮುಚ್ಚುತ್ತದೆ, ಲೈಟು ಹಾಕಿದರೆ ಹೊತ್ತುತ್ತದೆ. ‘ತೆಗೆ’ಯೂ ಹಾಗೇ, ಬಾಗಿಲು ತೆಗೆದರೆ ತೆರೆಯಿತು, ಲೈಟು ತೆಗೆದರೆ ಆರಿತು. ‘ಓಪನ್ ದ ಲೈಟ್’, ‘ಕ್ಲೋಸ್ ದ ಫ್ಯಾನ್’ ಅಂತೆಲ್ಲ ಬರುವುದು ಇದರಿಂದಲೇ. ಕರೆಂಟಿನಲ್ಲಿ ನಡೆಯುವುದಕ್ಕೆಲ್ಲ ಸ್ವಿಚ್ ಆನ್, ಸ್ವಿಚ್ ಆಫ್. ನಲ್ಲಿಗೆ ಟರ್ನ್ ಆನ್, ಟರ್ನ್ ಆಫ್. ಬಾಗಿಲು, ಡಬ್ಬ, ಪುಸ್ತಕಕ್ಕೆ ಮಾತ್ರ ಓಪನ್, ಕ್ಲೋಸ್.

ಅಂಗಿ ಹಾಕುವಾಗ ಒಂದು ಸೂಕ್ಷ್ಮ. ಕೈ ತೂರಿಸಿ ಗುಂಡಿ ಹಾಕುವ ಆ ಗಳಿಗೆ ‘ಪುಟ್ ಆನ್’. ಹಾಕಿಕೊಂಡು ಓಡಾಡುವುದು ‘ವೇರ್’. ‘ವೇಟ್, ಐ ಆಮ್ ಪುಟ್ಟಿಂಗ್ ಆನ್ ಮೈ ಶೂಸ್’, ಆದರೆ ‘ಹಿ ಈಸ್ ವೇರಿಂಗ್ ಎ ಬ್ಲೂ ಶರ್ಟ್’.

ಕೊಯ್ಯುವುದು ನಮ್ಮ ಕಡೆ ಇನ್ನೂ ದೊಡ್ಡ ಪದ. ಹೂ ಕೊಯ್ಯುತ್ತೇವೆ, ಅಂಕೋಲೆಯ ಇಶಾಡು ಮಾವು ಕೊಯ್ಯುತ್ತೇವೆ, ಅಡಿಕೆ ಕೊನೆ ಕೊಯ್ಯುತ್ತೇವೆ, ಗದ್ದೆ ಕೊಯ್ಯುತ್ತೇವೆ, ಮೀನೂ ಕೊಯ್ಯುತ್ತೇವೆ. ಹೂವು, ಹಣ್ಣಿಗೆ ‘ಪಿಕ್’. ತೋಟ, ಗದ್ದೆಯ ಫಸಲಿಗೆ ‘ಹಾರ್ವೆಸ್ಟ್’. ಮೀನು ಕೊಯ್ದು ಕೊಡಿ ಅನ್ನುವಾಗ ಹೊಟ್ಟೆ ಭಾಗ ತೆಗೆದು ಚೊಕ್ಕ ಮಾಡಿಕೊಡಿ ಅಂತಲೂ ಇರುತ್ತದೆ, ಅದು ‘ಕ್ಲೀನ್ ದ ಫಿಶ್’. ‘ಕಟ್ ದ ಫಿಶ್’ ಅಂದರೆ ತುಂಡು ಮಾಡಿ ಕೊಟ್ಟುಬಿಟ್ಟಾರು, ಉಳಿದ ಕೆಲಸ ನಿಮ್ಮ ತಲೆಗೆ.

ಐದನೆಯದು: ಮಾಡು. ಇದು ದೊಡ್ಡದು

ಡೂ, ಮೇಕ್ ನಡುವಿನ ಗೆರೆ ಎಲ್ಲಿದೆ ಅಂತ ಕೇಳಿದರೆ ಪುಸ್ತಕಗಳು ಉದ್ದದ ಪಟ್ಟಿ ಕೊಡುತ್ತವೆ. ಪಟ್ಟಿ ಬೇಕು ನಿಜ, ಆದರೆ ಅದಕ್ಕೆ ಮೊದಲು ಒಂದು ಕೆಲಸ ಮಾಡಿ. ‘ಮಾಡು’ವನ್ನು ತೆಗೆದುಹಾಕಿ, ಉಳಿದದ್ದು ನೋಡಿ.

ಸಹಾಯ ಮಾಡು: ಮಾಡು ತೆಗೆದರೆ ಸಹಾಯ, ಅಂದರೆ ಹೆಲ್ಪ್. ಇಂಗ್ಲಿಷಿನಲ್ಲಿ ಹೆಲ್ಪ್ ತಾನೇ ಕ್ರಿಯಾಪದ. ಇನ್ನು ಡೂ ಯಾಕೆ, ಮೇಕ್ ಯಾಕೆ? ‘ಹೆಲ್ಪ್ ಮಿ’ ಮುಗಿಯಿತು. ಯೋಚನೆ ಮಾಡು ‘ಥಿಂಕ್’, ನಿದ್ದೆ ಮಾಡು ‘ಸ್ಲೀಪ್’, ಫೋನ್ ಮಾಡು ‘ಕಾಲ್’, ಅಡುಗೆ ಮಾಡು ‘ಕುಕ್’. ನಾವು ಕನ್ನಡದಲ್ಲೇ ‘ಹೆಲ್ಪ್ ಮಾಡು’, ‘ಆರ್ಡರ್ ಮಾಡು’, ‘ಅಡ್ಜಸ್ಟ್ ಮಾಡು’ ಅನ್ನುತ್ತೇವಲ್ಲ, ಇಂಗ್ಲಿಷ್ ಕ್ರಿಯಾಪದ ಒಳಗೇ ಕೂತಿದೆ, ಮಾಡು ಅನ್ನುವುದು ಬರೀ ಕನ್ನಡದ ಹಿಡಿಕೆ. ಹಿಡಿಕೆ ಕಳಚಿ. ಊಟ, ತಿಂಡಿ, ಸ್ನಾನ, ಪಾರ್ಟಿ ಇವಕ್ಕೆ ‘ಹ್ಯಾವ್’ ಹೊಂದುತ್ತದೆ: ‘ಹ್ಯಾವ್ ಲಂಚ್’, ‘ಹ್ಯಾವ್ ಎ ಬಾತ್’. ‘ಲೇಟ್ ಮಾಡಬೇಡ’ ಅಂದರೆ ‘ಡೋಂಟ್ ಬಿ ಲೇಟ್’.

ಇಷ್ಟಾದ ಮೇಲೂ ಉಳಿಯುವುದಕ್ಕೆ ಒಂದು ಪ್ರಶ್ನೆ ಕೇಳಿ. ಮಾಡಿದ ಮೇಲೆ, ಮೊದಲು ಇಲ್ಲದ್ದು ಏನಾದರೂ ಹೊಸದಾಗಿ ಬಂತಾ? ಬಂದರೆ ‘ಮೇಕ್’. ಚಹಾ ಮೊದಲು ಇರಲಿಲ್ಲ, ಈಗ ಇದೆ. ಮಡಕೆಯ ಬೆನ್ನ ಮೇಲೆ ಕಬ್ಬಿನ ಹಾಲಿನ ಹಿಟ್ಟು ಹಚ್ಚಿ ತೊಡದೇವು ಎಬ್ಬಿಸಿದರೆ ಅದೂ ‘ಮೇಕ್’. ತಪ್ಪು ಮೊದಲು ಇರಲಿಲ್ಲ, ನೀವು ಮಾಡಿದ ಮೇಲೆ ಬಂತು, ‘ಮೇಕ್ ಎ ಮಿಸ್ಟೇಕ್’. ಗಲಾಟೆ, ತೀರ್ಮಾನ, ದುಡ್ಡು, ಗೆಳೆತನ ಎಲ್ಲ ಹಾಗೇ. ಇರುವ ಕೆಲಸವನ್ನು ಮಾಡಿ ಮುಗಿಸುವುದಾದರೆ ‘ಡೂ’: ಹೋಮ್‌ವರ್ಕ್, ಪಾತ್ರೆ ತೊಳೆಯುವುದು, ವ್ಯಾಯಾಮ, ಉಪಕಾರ.

ಮೂರು ಥರದ ‘ಮಾಡು’ ಒಟ್ಟಿಗೆ ಬರುವ ಒಂದು ಒಳ್ಳೆಯ ಉದಾಹರಣೆ ನಮ್ಮಲ್ಲೇ ಇದೆ. 1930ರಲ್ಲಿ ಅಂಕೋಲೆಯಲ್ಲಿ ಜನ ಉಪ್ಪಿನ ಸತ್ಯಾಗ್ರಹ ಮಾಡಿದರು, ಉಪ್ಪು ಮಾಡಿದರು, ಕಾನೂನು ಭಂಗ ಮಾಡಿದರು. ಕನ್ನಡದಲ್ಲಿ ಮೂರಕ್ಕೂ ಮಾಡು. ಇಂಗ್ಲಿಷಿನಲ್ಲಿ ಉಪ್ಪಿಗೆ ಮಾತ್ರ ‘ಮೇಕ್’, ‘ದೆ ಮೇಡ್ ಸಾಲ್ಟ್’. ಕಾನೂನಿಗೆ ‘ಬ್ರೇಕ್’, ‘ದೆ ಬ್ರೋಕ್ ದ ಲಾ’. ಸತ್ಯಾಗ್ರಹಕ್ಕೆ ಗಾಂಧೀಜಿ ತಮ್ಮ ಇಂಗ್ಲಿಷಿನಲ್ಲಿ ಬಳಸುತ್ತಿದ್ದ ಮಾತು ‘ಆಫರ್’. ಡೂ ಎಲ್ಲೂ ಇಲ್ಲ!

ಹಾಸಿಗೆ ಸರಿ ಮಾಡುವುದಕ್ಕೆ ‘ಮೇಕ್ ದ ಬೆಡ್’ ಯಾಕೆ ಅಂತ ಮಕ್ಕಳು ಕೇಳುತ್ತಾರೆ. ಬಡಗಿ ಮಾಡಿದ್ದಲ್ಲವಾ ಅಂತ. ಅದು ಹಾಗೇ, ಒಪ್ಪಿಕೊಂಡು ಮುಂದೆ ಹೋಗಿ.

ಆರನೆಯದು: ಬರುತ್ತೇನೆ ಅಂತ ಹೊರಡುವವರು

ನಾವು ಯಾರ ಮನೆಯಿಂದಲೂ ‘ಹೋಗ್ತೇನೆ’ ಅಂತ ಹೊರಡುವುದಿಲ್ಲ, ಅದು ಒಳ್ಳೆಯ ಮಾತಲ್ಲ. ‘ಬರ್ತೇನೆ’, ‘ಹೋಗಿ ಬರ್ತೇನೆ’ ಅನ್ನುತ್ತೇವೆ. ‘ಐ ವಿಲ್ ಗೋ ಅಂಡ್ ಕಮ್’ ಹುಟ್ಟಿದ್ದು ಇಲ್ಲಿಂದ, ನನ್ನ ಕೌಂಟರಿನ ಮೊದಲ ತಪ್ಪೂ ಇದೇ. ಇಂಗ್ಲಿಷಿನವರು ಇದನ್ನು ಅಕ್ಷರಶಃ ತೆಗೆದುಕೊಂಡು ನೀವು ವಾಪಸ್ ಬರುವುದನ್ನು ಕಾಯುತ್ತಾ ಕೂರುತ್ತಾರೆ. ನಿಜವಾಗಿ ಹೊರಡುವುದಾದರೆ ‘ಐ ಆಮ್ ಲೀವಿಂಗ್’. ಹತ್ತು ನಿಮಿಷದಲ್ಲಿ ವಾಪಸ್ ಬರುವುದಾದರೆ ‘ಐ ವಿಲ್ ಬಿ ಬ್ಯಾಕ್’.

ಬ್ರಿಂಗ್, ಟೇಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕನ್ನಡದ ತಾ ಮತ್ತು ಒಯ್ಯಿ ಸರಿಯಾಗಿ ಹೊಂದುತ್ತವೆ.

ಲೆಂಡ್, ಬಾರೋಗೆ ಕಡದ ಲೆಕ್ಕ ಹಿಡಿಯಿರಿ. ಕಡ ಕೊಡುವುದು ‘ಲೆಂಡ್’, ಕಡ ತರುವುದು ‘ಬಾರೋ’. ‘ಕ್ಯಾನ್ ಯು ಬಾರೋ ಮಿ ಯುವರ್ ಪೆನ್’ ಅಂದರೆ ಎರಡನ್ನೂ ಕಲಸಿದ ಹಾಗೆ. ‘ಕ್ಯಾನ್ ಯು ಲೆಂಡ್ ಮಿ’ ಅಥವಾ ‘ಕ್ಯಾನ್ ಐ ಬಾರೋ’. ಎತ್ತಿಕೊಂಡು ಹೋಗಲಿಕ್ಕಾಗದ ವಸ್ತುವಿಗೆ ‘ಬಾರೋ’ ಬರುವುದಿಲ್ಲ. ಬಾತ್‌ರೂಮ್ ಕೇಳುವಾಗ ‘ಕ್ಯಾನ್ ಐ ಯೂಸ್’ ಅನ್ನಿ.

ಏಳನೆಯದು: ಒಲ್ಲೆ, ಅಲ್ಲ, ಬೇಡ

ರಿಫ್ಯೂಸ್, ಡಿನೈ, ಟರ್ನ್ ಡೌನ್ ಮೂರಕ್ಕೂ ಡಿಕ್ಷನರಿಯಲ್ಲಿ ‘ನಿರಾಕರಿಸು’ ಅಂತ ಇರುತ್ತದೆ. ಆ ದೊಡ್ಡ ಪದವನ್ನು ಬಿಟ್ಟು ಬಾಯಲ್ಲಿ ಬರುವ ಮಾತನ್ನು ಹಿಡಿಯಿರಿ. ‘ನಾನು ಮಾಡೋದಿಲ್ಲ, ಒಲ್ಲೆ’ ಅಂದರೆ ‘ರಿಫ್ಯೂಸ್’. ‘ನಾನಲ್ಲ, ನಾನು ಮಾಡಿಲ್ಲ’ ಅಂದರೆ ‘ಡಿನೈ’. ‘ನನಗೆ ಬೇಡ’ ಅಂದರೆ ‘ಟರ್ನ್ ಡೌನ್’, ಅದೂ ಆಫರ್ ಬಂದಾಗ. ಸಾಕ್ಷಿ ಹೇಳಲು ಒಲ್ಲೆ ಅಂದವನು ರಿಫ್ಯೂಸ್ ಮಾಡಿದ, ಕದ್ದಿಲ್ಲ ಅಂದವನು ಡಿನೈ ಮಾಡಿದ, ಬೆಂಗಳೂರಿನ ಕೆಲಸ ಬೇಡ ಅಂತ ತೋಟಕ್ಕೆ ವಾಪಸ್ ಬಂದವನು ಟರ್ನ್ ಡೌನ್ ಮಾಡಿದ.

ಕದಿಯುವುದರಲ್ಲೂ ಎರಡಿವೆ. ವಸ್ತುವಿಗೆ ‘ಸ್ಟೀಲ್’, ಮನುಷ್ಯನಿಗೆ ಅಥವಾ ಜಾಗಕ್ಕೆ ‘ರಾಬ್’. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ, ಆ ನೂಕುನುಗ್ಗಲಿನಲ್ಲಿ ಪರ್ಸ್ ಹೋಯಿತು ಅಂತಾದರೆ ‘ಸಂಬಡಿ ಸ್ಟೋಲ್ ಮೈ ಪರ್ಸ್’. ಪರ್ಸನ್ನು ಯಾರೂ ರಾಬ್ ಮಾಡುವುದಿಲ್ಲ, ನಿಮ್ಮನ್ನು ಮಾಡುತ್ತಾರೆ.

ಊರಿನ ವಾಲಿಬಾಲ್ ಟೂರ್ನಮೆಂಟಿಗೂ ಒಂದು. ಪಂದ್ಯವನ್ನೂ ಕಪ್ಪನ್ನೂ ಗೆಲ್ಲುವುದು ‘ವಿನ್’, ಎದುರಾಳಿಯನ್ನು ಸೋಲಿಸುವುದು ‘ಬೀಟ್’. ‘ವಿ ವನ್ ದೆಮ್’ ಅಂದರೆ ಆ ಟೀಮನ್ನೇ ಬಹುಮಾನವಾಗಿ ಮನೆಗೆ ಒಯ್ದ ಹಾಗೆ ಕೇಳಿಸುತ್ತದೆ.

ಕಾಯುವುದು ‘ವೇಟ್ ಫಾರ್’, ಬರುತ್ತದೆ ಅಂತ ಲೆಕ್ಕ ಹಾಕಿಕೊಂಡಿರುವುದು ‘ಎಕ್ಸ್‌ಪೆಕ್ಟ್’, ಬರಲಿ ಅಂತ ಬಯಸುವುದು ‘ಹೋಪ್’. ಜೂನ್ ಮೊದಲ ವಾರ ಮಳೆಯನ್ನು ಎಕ್ಸ್‌ಪೆಕ್ಟ್ ಮಾಡುತ್ತೇವೆ. ಮಳೆಗಾಲದಲ್ಲಿ ಕೊಂಕಣ ರೈಲ್ವೆ ಟ್ರೇನುಗಳು ನಿಧಾನ ಓಡುತ್ತವೆ, ಟೈಮ್‌ಟೇಬಲ್ಲೇ ಬೇರೆ, ಆಗ ಸ್ಟೇಷನ್ನಿನಲ್ಲಿ ಕೂತು ‘ವೇಟ್’ ಮಾಡುತ್ತೇವೆ.

ಕೊನೆಯದು: ಅಭ್ಯಾಸ

ದಿನಕ್ಕೆ ಒಂದೇ ಕನ್ನಡ ಕ್ರಿಯಾಪದ ಹಿಡಿಯಿರಿ. ಆ ದಿನ ನಿಮ್ಮ ಬಾಯಿಂದ ಆ ಪದ ಬಂದ ಐದು ವಾಕ್ಯವನ್ನು ರಾತ್ರಿ ಬರೆಯಿರಿ, ನೀವು ನಿಜವಾಗಿ ಆಡಿದ ಮಾತೇ ಇರಲಿ. ಆಮೇಲೆ ಎದುರು ಪುಟದಲ್ಲಿ ಇಂಗ್ಲಿಷ್. ಸಿಗದಿದ್ದರೆ ಖಾಲಿ ಬಿಡಿ, ಊಹೆ ಮಾಡಿ ತುಂಬಬೇಡಿ. ತಪ್ಪನ್ನು ಒಮ್ಮೆ ಬರೆದರೆ ಅದು ಕೈಗೆ ಅಂಟುತ್ತದೆ.

ಈಗ ಇವನ್ನು ಬಾಯಲ್ಲೇ ಹೇಳಿ ನೋಡಿ. ಒಂದು, ನಿನ್ನೆ ಪೇಟೆಯಲ್ಲಿ ನಿಮ್ಮ ಅಣ್ಣನನ್ನು ನೋಡಿದೆ. ಎರಡು, ಅವಳು ನನಗೆ ಏನೂ ಹೇಳಲಿಲ್ಲ. ಮೂರು, ಲೈಟು ತೆಗೆದು ಬಾಗಿಲು ಹಾಕು. ನಾಲ್ಕು, ನಾಳೆ ಫೋನ್ ಮಾಡಲು ನೆನಪಿಸು. ಐದು, ಅಜ್ಜ ಆಗಲೇ ಮಲಗಿದ್ದಾರೆ, ಮಗುವನ್ನೂ ಮಲಗಿಸು.

ಮೊದಲನೆಯದು ‘ಸಾ’, ಯಾಕೆಂದರೆ ನೋಡಿದೆ ಅಂದರೂ ಅಣ್ಣ ಕಣ್ಣಿಗೆ ಬಿದ್ದದ್ದು. ಎರಡನೆಯದಕ್ಕೆ ‘ಡಿಡಂಟ್ ಟೆಲ್ ಮಿ ಎನಿಥಿಂಗ್’. ಮೂರಕ್ಕೆ ‘ಸ್ವಿಚ್ ಆಫ್’ ಮತ್ತು ‘ಕ್ಲೋಸ್’. ನಾಲ್ಕು ‘ರಿಮೈಂಡ್ ಮಿ ಟು ಕಾಲ್’, ಮಾಡು ಎಲ್ಲೂ ಬರಲಿಲ್ಲ ಗಮನಿಸಿ. ಐದರಲ್ಲಿ ಅಜ್ಜ ‘ಲೈಯಿಂಗ್ ಡೌನ್’, ನಿದ್ದೆ ಬಂದಿದ್ದರೆ ‘ಸ್ಲೀಪಿಂಗ್’. ಮಗುವಿಗೆ ‘ಲೇ ಡೌನ್’ ಅಂದರೆ ಬರೀ ಹಾಸಿಗೆಯ ಮೇಲೆ ಇಟ್ಟ ಹಾಗೆ. ನಿದ್ದೆ ಮಾಡಿಸಬೇಕಾದರೆ ‘ಪುಟ್ ದ ಬೇಬಿ ಟು ಸ್ಲೀಪ್’ ಅನ್ನಿ, ಇಟ್ಟ ತಕ್ಷಣ ಯಾವ ಮಗು ಮಲಗುತ್ತದೆ ಹೇಳಿ.